ಮನ ಮುಗಿದ ಮಂತ್ರವಾದಿ: ಆಟದ ಹಾಳೆಯಲ್ಲಿ ಜೀವಶಕ್ತಿಗೆ ಹೆಸರಿಡುವ ಬಗೆ

(ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಎಸೆದು ಕತೆ ಬೆಳೆಸುವ ಪಾತ್ರಾಭಿನಯದ ಆಟಗಳನ್ನು ಮೈಸೂರಿನಲ್ಲಿ ಆಡುವ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹುಟ್ಟಿದ್ದು ಒಂದು ತಪ್ಪಿನಿಂದ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಎರಡು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಐದು ಮಕ್ಕಳನ್ನು ಕೂರಿಸಿಕೊಂಡು ಕನ್ನಡದಲ್ಲೇ ಒಂದು ಆಟ ನಡೆಸಿದೆ. ಪ್ರತಿ ಪಾತ್ರದ ಬಲಾಬಲಗಳ ಲೆಕ್ಕವಿಡುವ ಹಾಳೆಗಳನ್ನು ನಾನೇ ಕೈಯಲ್ಲಿ ಬರೆದು ಸಿದ್ಧಮಾಡಿದ್ದೆ. ಇಂಗ್ಲಿಷ್ ಆಟಗಳಲ್ಲಿ ಮಂತ್ರವಾದಿಯ ಬಳಿ ಇರುವ, ಮಂತ್ರ ಹಾಕಲು ಬೇಕಾದ ‘ಮಾನಾ’ ಎಂಬುದನ್ನು, ಅದು ಹುಟ್ಟಿದ ಭಾಷೆಗಳ ಉಚ್ಚಾರಕ್ಕೆ ಹತ್ತಿರವಾಗಲಿ ಎಂದು ‘ಮನ’ ಎಂದು ಬರೆದೆ. ಅದರ ಮುಂದೆ ಹತ್ತು ಚೌಕಗಳು. ಮಂತ್ರ ಹಾಕಿದ ಹಾಗೆಲ್ಲ ಒಂದೊಂದು ಚೌಕವನ್ನು ಹೊಡೆದುಹಾಕಬೇಕು. ಮೂರನೆಯ ದಿನ, ಗುಹೆಯ ಬಾಗಿಲಲ್ಲಿ ಬೆಂಕಿಯ ಮಂತ್ರ ಹಾಕಿ ಮುಗಿಸಿದ ಹನ್ನೆರಡು ವರ್ಷದ ಹುಡುಗ ಪೆನ್ಸಿಲ್ ಕೆಳಗಿಟ್ಟು “ನನ್ನ ಮನ ಮುಗಿಯಿತು” ಎಂದ. ಪಕ್ಕದಲ್ಲಿದ್ದ ಅವನ ತಂಗಿ ಕೇಳಿದಳು: “ಅಣ್ಣ, ಮನ ಮುಗಿದುಹೋದರೆ ಮಂತ್ರವಾದಿ ಹೇಗೆ ಯೋಚನೆ ಮಾಡುತ್ತಾನೆ?”

ಆಟ ಅಲ್ಲಿಗೇ ನಿಂತಿತು. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಸಂಸ್ಕೃತದ ಮನಸ್ಸಿಗೂ ಪೆಸಿಫಿಕ್ ದ್ವೀಪಗಳ ಆ ಪದಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಪದದ ಮೂಲವನ್ನಲ್ಲ. ಮಂತ್ರ ಹಾಕಿದಾಗ ಅವನೊಳಗಿನಿಂದ ಖರ್ಚಾಗುವುದು ಏನು ಎಂದು ಅವಳು ಕೇಳಿದ್ದಳು. ಇಪ್ಪತ್ತು ವರ್ಷ ಈ ಆಟಗಳನ್ನು ಆಡಿಯೂ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದಿನಿಂದ ಯಾವ ಆಟದ ಪುಸ್ತಕವನ್ನು ತೆರೆದರೂ ಮೊದಲು ಅದನ್ನೇ ಹುಡುಕುತ್ತೇನೆ.

ಈ ಆಟಗಳ ಆರಂಭದ ವರ್ಷಗಳಲ್ಲಿ ಆ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರಗಳಿದ್ದವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಮಾನಾ ಇರಲಿಲ್ಲ. ಅಲ್ಲಿನ ಮಂತ್ರವಾದಿ ಮಂತ್ರವನ್ನು ಮೊದಲೇ ಕಂಠಪಾಠ ಮಾಡಿಕೊಳ್ಳುತ್ತಾನೆ, ಪ್ರಯೋಗಿಸಿದ ಕ್ಷಣ ಅದು ಅವನ ನೆನಪಿನಿಂದ ಅಳಿಸಿಹೋಗುತ್ತದೆ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ಕತೆಗಳಿಂದ ಬಂದ ಕಲ್ಪನೆ ಇದು. ಅಂದರೆ ಆ ಆಟದಲ್ಲಿ ಖರ್ಚಾಗುತ್ತಿದ್ದದ್ದು ನಿಜಕ್ಕೂ ಮನವೇ. ಆ ಹುಡುಗಿಯ ಪ್ರಶ್ನೆ ಅಲ್ಲಿ ಅಕ್ಷರಶಃ ಸರಿಹೊಂದುತ್ತದೆ.

ಮರುವರ್ಷ, 1975ರಲ್ಲಿ, ಕೆನ್ ಸೇಂಟ್ ಆಂಡ್ರೆ ಬರೆದ ಟನಲ್ಸ್ ಅಂಡ್ ಟ್ರೋಲ್ಸ್ ಬೇರೆ ದಾರಿ ಹಿಡಿಯಿತು. ಅದರಲ್ಲಿ ಮಂತ್ರ ಹಾಕಿದರೆ ಮಂತ್ರವಾದಿಯ ಮೈಬಲ ಕಡಿಮೆಯಾಗುತ್ತದೆ. ಕತ್ತಿ ಎತ್ತಲು ಬೇಕಾದ ಬಲವೇ ಮಂತ್ರಕ್ಕೂ ಬೇಕು. ಇದನ್ನು ಕನ್ನಡಕ್ಕೆ ತರುವಾಗ ನನಗೆ ತಡವರಿಕೆಯಾಗಲಿಲ್ಲ. ಅದು ಕಸುವು. ಹೊಲ ಉತ್ತು ಬಂದವನು ಕಸುವಿಲ್ಲ ಎಂದು ಜಗುಲಿಯ ಮೇಲೆ ಕೂರುತ್ತಾನಲ್ಲ, ಆ ಮಂತ್ರವಾದಿಯೂ ಹಾಗೆಯೇ ಕೂರುತ್ತಾನೆ. ಮಂತ್ರವೂ ಮೈಯ ದುಡಿಮೆ ಎಂದು ಹೇಳುವ ಆ ನಿಯಮ ನನಗೆ ಇಂದಿಗೂ ಬಹಳ ಇಷ್ಟ.

1978ರ ರೂನ್‌ಕ್ವೆಸ್ಟ್ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಪ್ರತಿಯೊಂದು ಜೀವಿಗೂ ಒಂದು ಅಂತಃಸತ್ವದ ಅಂಕವಿದೆ. ಸಣ್ಣಪುಟ್ಟ ಮಂತ್ರಗಳಿಗೆ ಅದನ್ನು ತಾತ್ಕಾಲಿಕವಾಗಿ ಬಳಸಿದರೆ ಕಾಲ ಕಳೆದಂತೆ ಮರಳಿ ಬರುತ್ತದೆ. ದೇವತೆಗಳ ಮಹಾಮಂತ್ರ ಬೇಕೆಂದರೆ ಅದರ ಒಂದು ಭಾಗವನ್ನು ಶಾಶ್ವತವಾಗಿ ಅರ್ಪಿಸಬೇಕು. ಖರ್ಚು ಬೇರೆ, ಅರ್ಪಣೆ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇಲ್ಲಿಗೇ ಬರುತ್ತೇನೆ.

ಈಗ ಮಾನಾ. ಈ ಪದದ ಪ್ರಯಾಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇವತ್ತು ಜಗತ್ತಿನ ಹೆಚ್ಚಿನ ಆಟಗಾರರ ಬಾಯಲ್ಲಿ ಇರುವುದು ಇದೇ.

ಪೆಸಿಫಿಕ್ ಸಾಗರದ ಮೆಲನೇಷ್ಯ ಮತ್ತು ಪಾಲಿನೇಷ್ಯದ ಅನೇಕ ಭಾಷೆಗಳಲ್ಲಿ ಈ ಪದವಿದೆ. ಯುರೋಪಿನ ವಿದ್ವಾಂಸರಿಗೆ ಇದನ್ನು ಪರಿಚಯಿಸಿದವರಲ್ಲಿ ಮುಖ್ಯನಾದವನು ರಾಬರ್ಟ್ ಹೆನ್ರಿ ಕಾಡ್ರಿಂಗ್ಟನ್ ಎಂಬ ಮಿಷನರಿ. 1877ರಲ್ಲಿ ಅವನು ಇದರ ಬಗ್ಗೆ ಒಂದು ಪತ್ರ ಬರೆದ. ಯಾರಿಗೆ ಗೊತ್ತೇ? ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್‌ಗೆ. ಮುಲ್ಲರ್ ಮರುವರ್ಷ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಮಾಲೆಯಲ್ಲಿ ಆ ಪತ್ರವನ್ನು ಉದ್ಧರಿಸಿದ. ಧರ್ಮದ ಹುಟ್ಟು ಮತ್ತು ಬೆಳವಣಿಗೆಯನ್ನು ಭಾರತದ ಧರ್ಮಗಳ ಉದಾಹರಣೆಯಿಂದ ವಿವರಿಸುವ ಉಪನ್ಯಾಸಗಳು ಅವು. ಇಂದು ಕಂಪ್ಯೂಟರ್ ಪರದೆಯ ಮೇಲೆ ನೀಲಿ ಬಣ್ಣದಲ್ಲಿ ತುಂಬಿ ಇಳಿಯುವ ಈ ಪದ, ವೇದಗಳ ಚರ್ಚೆಯ ನಡುವೆ ಯುರೋಪಿನ ಓದುಗರ ಕಿವಿಗೆ ಬಿದ್ದಿತ್ತು ಎಂಬುದು ನನಗೆ ತಿಳಿದ ದಿನ ರಾತ್ರಿ ನಿದ್ರೆ ಬರಲಿಲ್ಲ.

1891ರ ತನ್ನ ಪುಸ್ತಕದಲ್ಲಿ ಕಾಡ್ರಿಂಗ್ಟನ್ ಕೊಡುವ ಒಂದು ಉದಾಹರಣೆ ನೋಡಿ. ಒಬ್ಬನಿಗೆ ವಿಚಿತ್ರ ಆಕಾರದ ಒಂದು ಕಲ್ಲು ಸಿಗುತ್ತದೆ. ಇದರಲ್ಲಿ ಏನೋ ಇದೆ ಎಂದು ಅನ್ನಿಸಿ ಅದನ್ನು ತನ್ನ ತೋಟದಲ್ಲಿ ಹೂಳುತ್ತಾನೆ. ಬೆಳೆ ಹುಲುಸಾಗಿ ಬಂದರೆ ಅವನ ಊಹೆ ಸರಿ, ಆ ಕಲ್ಲು ಮಾನಾ. ಗಮನಿಸಿ, ಆ ಕಲ್ಲಿನಲ್ಲಿ ಇಷ್ಟು ಪ್ರಮಾಣದ ಮಾನಾ ಇದೆ ಎಂದು ಯಾರೂ ಅಳೆಯುತ್ತಿಲ್ಲ. ಬೆಳೆ ಬಂದದ್ದೇ ಅದರ ಸಾಕ್ಷಿ. ಸುಮಾರು ಒಂದು ಶತಮಾನದ ನಂತರ, 1984ರಲ್ಲಿ, ಮಾನವಶಾಸ್ತ್ರಜ್ಞ ರೋಜರ್ ಕೀಸಿಂಗ್ ಈ ಭಾಷೆಗಳ ವ್ಯಾಕರಣವನ್ನೇ ಮುಂದಿಟ್ಟು ವಾದಿಸಿದ. ಬಹುಪಾಲು ಕಡೆಗಳಲ್ಲಿ ಇದು ವಸ್ತುವಿನ ಹೆಸರಲ್ಲ, ಸ್ಥಿತಿಯನ್ನು ಹೇಳುವ ಕ್ರಿಯಾಪದ, ಫಲಕಾರಿಯಾಗಿರು, ನಿಜವಾಗು ಎನ್ನುವ ಅರ್ಥದ್ದು ಎಂದ. ಕಾಣದ ದ್ರವದಂತೆ ಹರಿಯುವ, ಕೂಡಿಡಬಹುದಾದ ಶಕ್ತಿ ಎಂಬ ಚಿತ್ರ ಹೊರಗಿನ ವಿದ್ವಾಂಸರು ಕಟ್ಟಿದ್ದು. ಅವರು ಬದುಕಿದ್ದದ್ದು ವಿದ್ಯುತ್ತಿನ ಯುಗದಲ್ಲಿ. ಮಾನಾವನ್ನು ವಿದ್ಯುತ್ತಿಗೆ ಹೋಲಿಸಿ ವಿವರಿಸಿದವರೂ ಅವರಲ್ಲಿದ್ದರು.

ಕೀಸಿಂಗ್‌ನ ಮಾತು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಹರಕೆ ಫಲಿಸಿತು ಎನ್ನುತ್ತೇವೆ, ಮಂತ್ರ ಸಿದ್ಧಿಸಿತು ಎನ್ನುತ್ತೇವೆ. ಎರಡೂ ಕ್ರಿಯಾಪದಗಳೇ. ಒಬ್ಬ ವೈದ್ಯರ ಕೈಗುಣ ಚೆನ್ನಾಗಿದೆ ಎಂದು ಊರೆಲ್ಲ ಹೇಳುತ್ತದೆ. ಆ ಕೈಗುಣ ಇವತ್ತು ಹತ್ತು ರೋಗಿಗಳನ್ನು ನೋಡಿದ್ದರಿಂದ ಅರ್ಧಕ್ಕೆ ಇಳಿದಿದೆ ಎಂದು ಯಾರೂ ಹೇಳುವುದಿಲ್ಲ. ಮಲೆನಾಡು, ಕರಾವಳಿಯ ಕಡೆ ಒಂದು ಸ್ಥಳದ ಬಗ್ಗೆ, ಒಂದು ದೈವದ ಬಗ್ಗೆ ‘ಕಾರಣಿಕ ಇದೆ’ ಎನ್ನುತ್ತಾರೆ. ಅಲ್ಲಿ ಹೇಳಿಕೊಂಡದ್ದು ನಡೆಯುತ್ತದೆ, ಅಲ್ಲಿ ತಪ್ಪಿದರೆ ಅದಕ್ಕೂ ಫಲವಿದೆ ಎಂದು ಅರ್ಥ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ವಾಣಿಗೂ ಕಾರಣಿಕ ಎಂದೇ ಹೆಸರು. ಕರಾವಳಿಯಲ್ಲಿ ಅದು ನೆಲದ ಗುಣ, ಮೈಲಾರದಲ್ಲಿ ಅದು ನುಡಿ. ಎರಡರಲ್ಲೂ ಮುಖ್ಯವಾದದ್ದು ‘ಆಗುತ್ತದೆ’ ಎಂಬ ನಂಬಿಕೆ. ತೋಟದಲ್ಲಿ ಹೂತ ಆ ಕಲ್ಲಿಗೆ ಕನ್ನಡದಲ್ಲಿ ಒಂದು ಪದ ಹೇಳಿ ಎಂದು ನನ್ನನ್ನು ಕೇಳಿದರೆ, ಕಾರಣಿಕದ ಕಲ್ಲು ಎನ್ನುತ್ತೇನೆ. ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಹಾಗಾದರೆ ಇದು ಎಣಿಸಬಹುದಾದ ಇಂಧನವಾದದ್ದು ಎಲ್ಲಿ? ಅಮೆರಿಕದ ಲೇಖಕ ಲ್ಯಾರಿ ನಿವೆನ್ 1969ರಲ್ಲಿ ಪ್ರಕಟಿಸಿದ ಒಂದು ಕತೆ ದೊಡ್ಡ ತಿರುವು. ಅದರಲ್ಲಿ ಮಾನಾ ಒಂದು ಪ್ರದೇಶದ ನೆಲದಲ್ಲಿ ಇರುವ ಸಂಪತ್ತು, ಮಂತ್ರಗಳು ಅದನ್ನು ಬಳಸಿ ಮುಗಿಸುತ್ತವೆ. ಅಲ್ಲಿನ ಮಾಂತ್ರಿಕ ಒಂದು ಲೋಹದ ಚಕ್ರಕ್ಕೆ ಎರಡು ಮಂತ್ರ ಹಾಕುತ್ತಾನೆ. ಒಂದು ಅದನ್ನು ಮೇಲಿಂದ ಮೇಲೆ ವೇಗವಾಗಿ ತಿರುಗಿಸುತ್ತದೆ, ಇನ್ನೊಂದು ಅದು ಸಿಡಿಯದಂತೆ ಹಿಡಿದಿಡುತ್ತದೆ. ಸುತ್ತಲಿನ ಮಾನಾ ಪೂರ್ತಿ ಬತ್ತುವವರೆಗೂ ಚಕ್ರ ತಿರುಗುತ್ತಲೇ ಇರುತ್ತದೆ. ಆಮೇಲೆ ಆ ನೆಲದಲ್ಲಿ ಯಾವ ಮಂತ್ರವೂ ನಡೆಯುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಬತ್ತಿದ ಕೊಳವೆಬಾವಿಗಳನ್ನು ನೋಡಿದ ನನಗೆ ಆ ಚಕ್ರ ಅಪರಿಚಿತ ಅನ್ನಿಸಲಿಲ್ಲ. ಇದನ್ನು ನಾನು ಮೂಲ ಅರ್ಥದ ಅಪಚಾರ ಎಂದು ಕರೆಯಲಾರೆ, ಇದೊಂದು ಒಳ್ಳೆಯ, ಗಂಭೀರವಾದ ಕಲ್ಪನೆ. ಆದರೆ ಪದದ ದಿಕ್ಕು ಇಲ್ಲಿ ಬದಲಾಯಿತು. ಫಲಿಸುವುದು ಹೋಗಿ ಬತ್ತುವುದು ಬಂದಿತು.

1993ರಲ್ಲಿ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಇಸ್ಪೀಟಿನಂಥ ಆಟದಲ್ಲಿ ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಬಗೆಯ ನೆಲಗಳಿಂದ ಐದು ಬಣ್ಣದ ಮಾನಾ ಬರುತ್ತದೆ. ಅಲ್ಲಿಯವರೆಗೂ ನೆಲದ ನಂಟು ಉಳಿದಿತ್ತು. ಡಯಾಬ್ಲೊದಂಥ ಕಂಪ್ಯೂಟರ್ ಆಟಗಳು ಬಂದ ಮೇಲೆ ಅದೂ ಹೋಯಿತು. ಪರದೆಯ ಒಂದು ಬದಿಗೆ ಕೆಂಪು ಗೋಳ, ಅದು ಜೀವ. ಇನ್ನೊಂದು ಬದಿಗೆ ನೀಲಿ ಗೋಳ, ಅದು ಮಾನಾ. ಇಳಿದರೆ ಒಂದು ಶೀಶೆ ಕುಡಿದು ತುಂಬಿಸಿಕೊಳ್ಳಬಹುದು.

ಇದೆಲ್ಲ ನಡೆಯುತ್ತಿದ್ದ ಕಾಲದಲ್ಲೂ ಮಾನಾ ಸತ್ತ ಪದವಾಗಿರಲಿಲ್ಲ, ಇಂದೂ ಅಲ್ಲ. ನ್ಯೂಜಿಲೆಂಡಿನ ಮಾವೊರಿ ಜನರಿಗೆ ಅದು ಗೌರವ, ಅಧಿಕಾರ, ಪೂರ್ವಿಕರಿಂದ ಬಂದ ಯೋಗ್ಯತೆ ಎಲ್ಲವೂ ಹೌದು. 1835ರಲ್ಲಿ ಅವರ ಮುಖಂಡರು ಸಹಿ ಹಾಕಿದ ಸ್ವಾತಂತ್ರ್ಯ ಘೋಷಣೆಯಲ್ಲಿ ನೆಲದ ಮೇಲಿನ ಪರಮಾಧಿಕಾರವನ್ನು ಹೇಳುವಲ್ಲಿ ಬಳಸಿದ ಪದ ಇದೇ. ಕನ್ನಡದಲ್ಲಿ ಇದನ್ನು ‘ಮಾನ’ ಎಂದು ಬರೆದರೆ ನಮ್ಮ ಮಾನ ಮರ್ಯಾದೆಯ ಮಾನವಾಗುತ್ತದೆ. ಅದೂ ಆಕಸ್ಮಿಕವೇ. ಆದರೆ ಮಾವೊರಿ ಅರ್ಥಕ್ಕೆ ‘ಮನ’ಕ್ಕಿಂತ ‘ಮಾನ’ವೇ ಹತ್ತಿರ. ಒಂದು ಜನಾಂಗದ ಮಾನವನ್ನು ಶೀಶೆಯಲ್ಲಿ ತುಂಬಿ ಕುಡಿಯುವ ಚಿತ್ರ ಬರೆಯುವಾಗ ಕೈ ಸ್ವಲ್ಪ ತಡೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಪೂರ್ವ ಏಷ್ಯಾದವರು ಜೀವಶಕ್ತಿಗೆ ಹೇಳುವ ಕಿ ಅಥವಾ ಚಿ ಬಗ್ಗೆ ಇಷ್ಟೇ ವಿಸ್ತಾರವಾಗಿ ಹೇಳುವಷ್ಟು ನಾನು ಬಲ್ಲವನಲ್ಲ, ಆದರೂ ಒಂದು ಕತೆಯನ್ನು ಹೇಳಲೇಬೇಕು. ಚೀನೀ ಭಾಷೆಯ ಚಿ, ಜಪಾನಿನ ಕಿ, ಎರಡೂ ಒಂದೇ ಅಕ್ಷರದಿಂದ ಬಂದವು. ಹಳೆಯ ಲಿಪಿರೂಪದಲ್ಲಿ ಆವಿಯ ಗುರುತಿನ ಕೆಳಗೆ ಅಕ್ಕಿಯ ಗುರುತಿದೆ. ಅನ್ನ ಬೇಯುವಾಗ ಏಳುವ ಹಬೆಯನ್ನು ನೆನೆಸಿಕೊಂಡರೆ ಸಾಕು. ಕ್ರಿಸ್ತಪೂರ್ವ 4ನೇ ಶತಮಾನದ ಮೆನ್ಸಿಯಸ್ ಎಂಬ ಚಿಂತಕ ತನ್ನೊಳಗಿನ ಚಿಯನ್ನು ಸದಾಚಾರದಿಂದ ಪೋಷಿಸಿ ಬೆಳೆಸುತ್ತೇನೆ ಎನ್ನುತ್ತಾನೆ. ಅದೇ ಸಂದರ್ಭದಲ್ಲಿ ಒಬ್ಬ ರೈತನ ಕತೆ ಹೇಳುತ್ತಾನೆ. ಪೈರು ಬೇಗ ಬೆಳೆಯಲಿಲ್ಲವೆಂದು ಆ ರೈತ ಒಂದೊಂದೇ ಸಸಿಯನ್ನು ಮೇಲಕ್ಕೆ ಎಳೆದು, ಇವತ್ತು ಪೈರಿಗೆ ಬೆಳೆಯಲು ಸಹಾಯ ಮಾಡಿ ದಣಿದೆ ಎಂದು ಮನೆಯಲ್ಲಿ ಹೇಳುತ್ತಾನೆ. ಮಗ ಓಡಿಹೋಗಿ ನೋಡಿದರೆ ಪೈರೆಲ್ಲ ಬಾಡಿತ್ತು. ಹಾಗಾಗಿ ಆ ಕತೆಯಲ್ಲಿ ಚಿ ಎಂದರೆ ಬೆಳೆ. ಅದಕ್ಕೆ ಕಾಲ ಬೇಕು, ಕಳೆ ಕೀಳಬೇಕು, ಎಳೆದರೆ ಸಾಯುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಕಿ ಎಂಬ ಪದ 1985ರ ಪೂರ್ವದೇಶಗಳ ಕುರಿತ ಪುಸ್ತಕದಲ್ಲಿ ಕಾಣಿಸಿಕೊಂಡಿತು. 2014ರ ಆವೃತ್ತಿಯ ಹೊತ್ತಿಗೆ ಬರಿಗೈಯಲ್ಲಿ ಕಾದುವ ಮಠವಾಸಿ ಯೋಧನಿಗೆ ಕಿ ಅಂಕಗಳಿದ್ದವು. ಎರಡನೆಯ ಹಂತದಲ್ಲಿ 2, ಹತ್ತನೆಯ ಹಂತದಲ್ಲಿ 10. ಖರ್ಚಾದರೆ ಒಂದು ಸಣ್ಣ ವಿಶ್ರಾಂತಿಯಲ್ಲಿ, ಅದರಲ್ಲಿ ಅರ್ಧ ಗಂಟೆ ಧ್ಯಾನ ಮಾಡಿದರೆ, ಎಲ್ಲವೂ ಮರಳುತ್ತಿದ್ದವು. 2024ರ ಆವೃತ್ತಿಯಲ್ಲಿ ಆ ಹೆಸರು ಹೋಗಿ ಫೋಕಸ್ ಪಾಯಿಂಟ್, ಅಂದರೆ ಏಕಾಗ್ರತೆಯ ಅಂಕ, ಬಂದಿತು. ಒಂದು ಸಂಸ್ಕೃತಿಯ ಪದವನ್ನು ಒಂದೇ ಬಗೆಯ ಪಾತ್ರಕ್ಕೆ ಕಟ್ಟಿಹಾಕುವುದು ತಪ್ಪು ಎಂಬ ಎಚ್ಚರ ಅಲ್ಲಿದ್ದರೆ ನಾನು ಅದನ್ನು ಗೌರವಿಸುತ್ತೇನೆ. ಆದರೆ ನಿಯಮ ಬಹುಮಟ್ಟಿಗೆ ಮೊದಲಿನಂತೆಯೇ ಇದೆ, ಚೌಕಗಳು ಮೊದಲಿನಂತೆಯೇ ಇವೆ. ಹೆಸರು ಬದಲಾದಾಗ ಏಕಾಗ್ರತೆಗೆ ತಕ್ಕ ನಿಯಮವನ್ನೂ ಕೊಡಬೇಕಿತ್ತು. ಉದಾಹರಣೆಗೆ, ಗದ್ದಲದಲ್ಲಿ ಅದು ಕದಡಬೇಕು, ಗೆಳೆಯ ಬಿದ್ದದ್ದನ್ನು ಕಂಡಾಗ ಚದುರಬೇಕು. ನಮ್ಮ ಮಕ್ಕಳ ಆಟದಲ್ಲಿ ಈ ಯೋಧನ ಹಾಳೆಯಲ್ಲಿ ‘ಉಸಿರು’ ಎಂದು ಬರೆದೆ. ಓಡಿದರೆ ಇಳಿಯುತ್ತದೆ, ಒಂದು ಸುತ್ತು ಸುಮ್ಮನೆ ನಿಂತರೆ ಏರುತ್ತದೆ. ವಿವರಣೆ ಕೇಳಿದವರೇ ಇಲ್ಲ.

ಯೋಗದ ಚಕ್ರದ ಬಗ್ಗೆಯೂ ಒಂದು ಮಾತು. 1999ರಲ್ಲಿ ಜಪಾನಿನಲ್ಲಿ ಆರಂಭವಾದ ನರುಟೊ ಚಿತ್ರಕತೆಯ ಮೂಲಕ ಆ ಪದ ನಮ್ಮ ಮಕ್ಕಳ ಬಾಯಿಗೆ ಮರಳಿ ಬಂದಿದೆ. ಯೋಗದ ಗ್ರಂಥಗಳಲ್ಲಿ ಚಕ್ರ ಒಂದು ತಾಣ, ದೇಹದೊಳಗಿನ ಕಮಲ. ಮಕ್ಕಳ ಮಾತಿನಲ್ಲಿ ಅದು ಖಾಲಿಯಾಗುವ ಇಂಧನ. ಮಗುವನ್ನು ತಿದ್ದುವ ಅಗತ್ಯವಿಲ್ಲ. ಎರಡೂ ಅರ್ಥಗಳು ಇವೆ ಎಂದು ತಿಳಿಸಿದರೆ ಕಣ್ಣರಳಿಸಿ ಕೇಳುತ್ತಾರೆ.

ಈಗ ಪ್ರಾಣ. ‘ಮನ’ ಕೈಕೊಟ್ಟ ಮೇಲೆ ನಾನು ಮೊದಲು ಹಿಡಿದದ್ದು ಇದನ್ನೇ. ಮಂತ್ರಕ್ಕೆ ಬೇರೆ ಏನಾದರೂ ಇಡೋಣ, ಗಾಯವಾದಾಗ ಕಡಿಮೆಯಾಗುವ ಹಿಟ್ ಪಾಯಿಂಟ್‌ಗೆ ಪ್ರಾಣ ಎನ್ನೋಣ ಎಂದುಕೊಂಡೆ. ಹೊಸ ಹಾಳೆಗಳನ್ನು ಮಕ್ಕಳು ಮನೆಗೆ ಒಯ್ದರು. ಮರುದಿನ ಅಣ್ಣತಂಗಿಯರ ಅಜ್ಜಿ ಹಾಳೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಅವರು ಕೋಪಿಸಿಕೊಂಡಿರಲಿಲ್ಲ. “ಇಲ್ಲಿ ಪ್ರಾಣ ಹದಿನಾಲ್ಕು ಎಂದು ಬರೆದಿದೆಯಲ್ಲಪ್ಪ, ಪ್ರಾಣವನ್ನು ಯಾರಾದರೂ ಎಣಿಸುತ್ತಾರೆಯೇ?” ಎಂದು ಕೇಳಿದರು. ಆ ಮನೆಯವರು ಹನುಮಂತನನ್ನು ಮುಖ್ಯಪ್ರಾಣ ಎಂದು ಕರೆದು ಪೂಜಿಸುವವರು. ಅವರಿಗೆ ಪ್ರಾಣ ಎಂಬುದು ಕೈಮುಗಿಯುವ ಹೆಸರು.

ಅಜ್ಜಿ ಹೋದ ಮೇಲೆ ಛಾಂದೋಗ್ಯ ಉಪನಿಷತ್ತಿನ ಕತೆಯನ್ನು ತೆಗೆದು ಓದಿದೆ. ಇಂದ್ರಿಯಗಳೆಲ್ಲ ತಾನು ಹೆಚ್ಚು, ತಾನು ಹೆಚ್ಚು ಎಂದು ಜಗಳವಾಡಿ ಪ್ರಜಾಪತಿಯ ಬಳಿ ಹೋಗುತ್ತವೆ. ಯಾರು ಹೋದರೆ ಶರೀರ ಅತ್ಯಂತ ಹೀನಸ್ಥಿತಿಗೆ ಬರುತ್ತದೆಯೋ ಅವನೇ ಶ್ರೇಷ್ಠ ಎನ್ನುತ್ತಾನೆ ಅವನು. ಮಾತು ಒಂದು ವರ್ಷ ಹೊರಗೆ ಹೋಗಿ ಬರುತ್ತದೆ, ಉಳಿದವು ಮೂಗರಂತೆ ಬದುಕಿರುತ್ತವೆ. ಕಣ್ಣು ಹೋಗುತ್ತದೆ, ಕುರುಡರಂತೆ ಬದುಕುತ್ತವೆ. ಕಿವಿ ಹೋಗುತ್ತದೆ. ಆಮೇಲೆ ಮನಸ್ಸು ಹೋಗುತ್ತದೆ. ಮರಳಿ ಬಂದು, ನಾನಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳಿದರೆ, ಮನಸ್ಸು ಬೆಳೆಯದ ಎಳೆಯ ಮಕ್ಕಳಂತೆ, ಪ್ರಾಣದಿಂದ ಉಸಿರಾಡುತ್ತಾ ಬದುಕಿದೆವು ಎಂಬ ಉತ್ತರ ಬರುತ್ತದೆ. ಓದುತ್ತಾ ನಾನು ಅಲ್ಲೇ ನಿಂತೆ. ಮನ ಮುಗಿದುಹೋದರೆ ಹೇಗೆ ಎಂದು ಕೇಳಿದ ಆ ಪುಟ್ಟ ಹುಡುಗಿಗೆ ಉತ್ತರ ಅಲ್ಲಿತ್ತು. ಕೊನೆಗೆ ಪ್ರಾಣ ಹೊರಡಲು ಅಣಿಯಾದಾಗ, ಒಳ್ಳೆಯ ಕುದುರೆ ತನ್ನ ಕಾಲು ಕಟ್ಟಿದ ಗೂಟಗಳನ್ನು ಕಿತ್ತುಕೊಂಡು ಏಳುವಂತೆ, ಉಳಿದ ಎಲ್ಲವೂ ಬುಡಸಹಿತ ಅಲುಗುತ್ತವೆ. ನೀನು ಹೋಗಬೇಡ ಎಂದು ಬೇಡಿಕೊಳ್ಳುತ್ತವೆ.

ಪ್ರಾಣ ಹದಿನಾಲ್ಕರಿಂದ ಹದಿಮೂರಕ್ಕೆ ಇಳಿಯುವ ವಸ್ತುವಲ್ಲ ಎಂದು ಆ ಕುದುರೆಯೇ ಹೇಳುತ್ತದೆ. ಇದೆ, ಅಥವಾ ಹೊರಟಿತು. ನಡುವೆ ಅಂಕಗಳಿಲ್ಲ.

ಹಾಗಾದರೆ ಗಾಯದ ಅಂಕಗಳಿಗೆ ಏನೆನ್ನಬೇಕು? ಇಲ್ಲಿ ಗೈಗ್ಯಾಕ್ಸ್ ಅವರೇ ಸಹಾಯಕ್ಕೆ ಬಂದರು. 1979ರಲ್ಲಿ ಆಟ ನಡೆಸುವವರಿಗಾಗಿ ಬರೆದ ಪುಸ್ತಕದಲ್ಲಿ ಅವರು, ಹಿಟ್ ಪಾಯಿಂಟ್ ಎಂದರೆ ಬರೀ ಮಾಂಸ ರಕ್ತದ ಲೆಕ್ಕವಲ್ಲ, ವೀರನ ಚಾಕಚಕ್ಯತೆ, ಅದೃಷ್ಟ, ದೈವಕೃಪೆ ಎಲ್ಲವೂ ಅದರಲ್ಲಿ ಸೇರಿವೆ ಎಂದು ವಿವರಿಸುತ್ತಾರೆ. ಏಟನ್ನು ತಪ್ಪಿಸಿಕೊಳ್ಳುವ, ತಡೆದುಕೊಳ್ಳುವ ಸಾಮರ್ಥ್ಯ ಅದು. ಕನ್ನಡದಲ್ಲಿ ಇದಕ್ಕೆ ತ್ರಾಣ ಎಂಬ ಪದವಿದೆ. ಸಂಸ್ಕೃತದಲ್ಲಿ ತ್ರಾಣ ಎಂದರೆ ರಕ್ಷಣೆ. ಕನ್ನಡಕ್ಕೆ ಬಂದು ಅದು ಬಲ, ತಾಳಿಕೊಳ್ಳುವ ಶಕ್ತಿ ಎಂದಾಯಿತು. ಎದ್ದು ಕೂರಲೂ ತ್ರಾಣವಿಲ್ಲ, ನಿತ್ರಾಣನಾದ ಎನ್ನುತ್ತೇವೆ. ರಕ್ಷಣೆ ಮತ್ತು ಬಲ ಎರಡೂ ಒಂದೇ ಪದದಲ್ಲಿ ಕೂಡಿರುವುದರಿಂದ ಗೈಗ್ಯಾಕ್ಸ್ ಒಂದು ಪುಟ ತೆಗೆದುಕೊಂಡು ಹೇಳಿದ್ದನ್ನು ಆ ಎರಡಕ್ಷರ ಹೇಳುತ್ತವೆ. ತ್ರಾಣ ಸೊನ್ನೆಗೆ ಇಳಿದಾಗ ವೀರ ನಿತ್ರಾಣನಾಗಿ ಬೀಳುತ್ತಾನೆ, ಪ್ರಾಣ ಇನ್ನೂ ಇರುತ್ತದೆ. ಗೆಳೆಯರು ಓಡಿಬರಬೇಕು. ಹಾಳೆ ತೋರಿಸಿದಾಗ ಅಜ್ಜಿ “ಇದು ಸರಿ” ಎಂದರು.

ಸಭೆಯಲ್ಲಿ ಒಬ್ಬರು, ಎಲ್ಲಕ್ಕೂ ಶಕ್ತಿ ಎಂದರೆ ಸಾಲದೇ ಎಂದು ಕೇಳಿದರು. ಶಕ್ತಿ ಎಂದರೆ ಕರೆಂಟ್ ಬಿಲ್ಲಿನ ವಿದ್ಯುತ್ ಶಕ್ತಿ, ವಿಜ್ಞಾನದ ಪಾಠದ ಚಲನಶಕ್ತಿ, ಪೈಲ್ವಾನನ ತೋಳಿನ ಶಕ್ತಿ, ಊರ ದೇವತೆ. ಅಷ್ಟೊಂದು ಹೊತ್ತಿರುವ ಪದ ಆಟದ ಹಾಳೆಯಲ್ಲಿ ಏನನ್ನೂ ತೋರಿಸಲಾರದು. ಖರ್ಚಾಗುವುದು ಏನು ಎಂಬ ಪ್ರಶ್ನೆಗೆ ಅದು ಉತ್ತರ ಕೊಡದೆ ಜಾರಿಕೊಳ್ಳುತ್ತದೆ.

ಮಂತ್ರವಾದಿಗೆ ಕೊನೆಗೆ ನಾನು ಕೊಟ್ಟದ್ದು ತಪಸ್ಸು. ಕೂಡಿಡಬಹುದಾದ, ಖರ್ಚಾಗುವ, ಸೋರಿಹೋಗುವ ಒಂದು ವಸ್ತುವಾಗಿ ತಪಸ್ಸನ್ನು ನಮ್ಮ ಪುರಾಣಗಳು ಎಷ್ಟು ನಿಖರವಾಗಿ ಕಂಡಿವೆ! ರಾಮಾಯಣದ ಬಾಲಕಾಂಡದ ವಿಶ್ವಾಮಿತ್ರನನ್ನು ನೆನೆಸಿಕೊಳ್ಳಿ. ತಾನು ಗಳಿಸಿದ ತಪಸ್ಸಿನ ಬಲದಿಂದ ತ್ರಿಶಂಕುವನ್ನು ಸಶರೀರನಾಗಿ ಸ್ವರ್ಗಕ್ಕೆ ಏರಿಸುತ್ತಾನೆ. ಮೇನಕೆಯೊಂದಿಗೆ ಹತ್ತು ವರ್ಷ ಕಳೆದುಹೋಗುತ್ತವೆ. ಮುಂದೆ ರಂಭೆ ಬಂದಾಗ ಮೋಹಕ್ಕೆ ಸಿಗುವುದಿಲ್ಲ, ಆದರೆ ಸಿಟ್ಟಿನಿಂದ ಅವಳಿಗೆ ಕಲ್ಲಾಗು ಎಂದು ಶಾಪ ಕೊಡುತ್ತಾನೆ. ಆ ಕೋಪದಿಂದಲೇ ಅವನ ತಪಸ್ಸು ಹೋಗುತ್ತದೆ. ಇನ್ನು ಮೇಲೆ ಕೋಪಿಸಿಕೊಳ್ಳುವುದಿಲ್ಲ, ಮಾತೇ ಆಡುವುದಿಲ್ಲ ಎಂದು ಮತ್ತೆ ಕೂರುತ್ತಾನೆ. ಇಲ್ಲಿ ಆಟಕ್ಕೆ ಬೇಕಾದ ಪೂರ್ತಿ ನಿಯಮವಿದೆ. ನಮ್ಮ ಮೇಜಿನಲ್ಲಿ ಮಂತ್ರವಾದಿಯ ತಪಸ್ಸು ನಿದ್ರೆ ಮಾಡಿದರೆ ತುಂಬುವುದಿಲ್ಲ. ಕೊಟ್ಟ ಮಾತನ್ನು ಕಷ್ಟಪಟ್ಟು ಉಳಿಸಿಕೊಂಡರೆ ಒಂದು ಚೌಕ ತುಂಬುತ್ತದೆ. ಆಟಗಾರ ಸಿಟ್ಟಿನಿಂದ ಮಂತ್ರ ಹಾಕಿದರೆ ಎರಡರಷ್ಟು ಹೋಗುತ್ತದೆ. ಈ ನಿಯಮ ಬಂದ ವಾರದಿಂದ ಆ ಹನ್ನೆರಡರ ಹುಡುಗ ಮಂತ್ರ ಹಾಕುವ ಮೊದಲು ಒಂದು ಕ್ಷಣ ಸುಮ್ಮನೆ ಕೂರಲು ಆರಂಭಿಸಿದ.

ಹಾಳೆಯಲ್ಲಿ ಇನ್ನೊಂದು ಸಾಲು ಉಳಿದಿತ್ತು. ರೂನ್‌ಕ್ವೆಸ್ಟ್‌ನಲ್ಲಿ ಶಾಶ್ವತವಾಗಿ ಅರ್ಪಿಸುವ ಸತ್ವದ ಬಗ್ಗೆ ಹೇಳಿದೆನಲ್ಲ. 1989ರ ಶ್ಯಾಡೋರನ್ ಎಂಬ ಆಟದಲ್ಲೂ ಅಂಥದ್ದೊಂದಿದೆ. ಪ್ರತಿಯೊಬ್ಬರೂ 6 ಅಂಕದ ಎಸೆನ್ಸ್‌ನಿಂದ, ಅಂದರೆ ಸತ್ವದಿಂದ, ಆರಂಭಿಸುತ್ತಾರೆ. ಕಣ್ಣಿನ ಬದಲು ಕ್ಯಾಮೆರಾ, ತೋಳಿನ ಬದಲು ಯಂತ್ರ ಇರಿಸಿಕೊಂಡಂತೆ ಅದು ಇಳಿಯುತ್ತದೆ, ಅದರೊಂದಿಗೆ ಮಂತ್ರದ ಬಲವೂ ಕುಗ್ಗುತ್ತದೆ. ಮರಳಿ ಬಾರದ ಈ ಬಗೆಯ ನಷ್ಟಕ್ಕೆ ನಾನು ಆಯಸ್ಸು ಎಂದೆ. ಮಹಾಭಾರತದ ಆದಿಪರ್ವದಲ್ಲಿ ರುರು ಎಂಬ ಯುವಕ ಮದುವೆಯ ಮುನ್ನವೇ ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯಸ್ಸಿನ ಅರ್ಧವನ್ನು ಕೊಟ್ಟು ಬದುಕಿಸಿಕೊಳ್ಳುತ್ತಾನೆ. ಆಯಸ್ಸನ್ನು ಕೊಡಬಹುದು, ಹಂಚಿಕೊಳ್ಳಬಹುದು, ಆದರೆ ಹೊಸದಾಗಿ ಗಳಿಸಲಾಗುವುದಿಲ್ಲ. ಹಾಗಾಗಿ ಹಾಳೆಯ ಮೇಲೆ ಒಂದು ನಿಯಮ ಮಾಡಿದೆ. ತ್ರಾಣ, ಉಸಿರು, ತಪಸ್ಸು ಇವನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು. ಆಯಸ್ಸನ್ನು ಪೆನ್ನಿನಲ್ಲಿ ಬರೆಯಬೇಕು, ಪೆನ್ನಿನಲ್ಲೇ ಹೊಡೆದುಹಾಕಬೇಕು.

ರಜೆಯ ಕೊನೆಯ ದಿನ ಆಟ ಒಂದು ನದಿಯ ದಡಕ್ಕೆ ಬಂದಿತ್ತು. ತಂಗಿಯ ಪಾತ್ರ ನಿತ್ರಾಣವಾಗಿ ಬಿದ್ದಿತ್ತು, ದಾಳಗಳು ಮೂರು ಸಲವೂ ಕೈಬಿಟ್ಟವು. ಪ್ರಾಣ ಹೊರಟಿದೆ ಎಂದು ನಾನು ಹೇಳಿದೆ. ಅಣ್ಣನ ತಪಸ್ಸಿನ ಚೌಕಗಳೆಲ್ಲ ಖಾಲಿ. ಅವನು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದ. ಹೊರಗೆ ಮಳೆ ಹನಿಯಲು ಆರಂಭಿಸಿತ್ತು, ಉಳಿದ ಮೂವರು ಮಕ್ಕಳೂ ಮಾತಾಡಲಿಲ್ಲ. ಆಮೇಲೆ ಅವನು ಪೆನ್ಸಿಲನ್ನು ಡಬ್ಬಿಯೊಳಗಿಟ್ಟು ನನ್ನ ಕಡೆ ಕೈ ಚಾಚಿದ.

“ಮಾಮ, ಪೆನ್ನು ಕೊಡಿ.”